ಸರೋಜಳ ನಲವತ್ತೊಂದು ಸಾಲು

ದಾವಣಗೆರೆಯ ನಮ್ಮ ವರ್ಕ್‌ಶಾಪಿನ ಹಳೇ ಹಾಜರಿ ಪುಸ್ತಕಗಳನ್ನು ಯಾರಾದರೂ ತೆಗೆದು ನೋಡಿದರೆ, ಎಂಬತ್ತೇಳರಿಂದ ತೊಂಬತ್ತೆಂಟರ ತನಕ ಸರೋಜಾ ಎಂಬ ಹೆಸರಿನ ಮುಂದೆ 'ಹೆಲ್ಪರ್' ಎಂದು ಬರೆದಿರುವುದು ಕಾಣುತ್ತದೆ. ಅದು ಶುದ್ಧ ಸುಳ್ಳು. ಹನ್ನೊಂದು ವರ್ಷ ಆ ಸುಳ್ಳು ನಮ್ಮೆಲ್ಲರ ಕಣ್ಣೆದುರಿಗೇ ಇತ್ತು, ನಾವ್ಯಾರೂ ಬಾಯಿ ಬಿಡಲಿಲ್ಲ. ನಾನು ಬೋರಣ್ಣ, ಅದೇ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ಲೇಥ್ ಓಡಿಸಿ ನಿವೃತ್ತನಾದವನು. ನನಗೆ ಬರೆಯುವ ಅಭ್ಯಾಸ ಇಲ್ಲ. ಆದರೆ ಈಚೆಗೆ ಒಂದು ಮದುವೆಯ ಪಂಕ್ತಿಯಲ್ಲಿ ಆಗ ನಮ್ಮ ಮ್ಯಾನೇಜರಾಗಿದ್ದ ನಾಗಭೂಷಣ್ ಸಾಹೇಬರು ಹತ್ತು ಜನರ ಮುಂದೆ, "ಆ ಕಾಲದಲ್ಲೇ ನಾವು ಸರಿಯಾದ ಕಂಪ್ಯೂಟರ್ ಆರಿಸಿದ್ವಿ, ಅದಕ್ಕೇ ಉಳಕಂಡ್ವಿ" ಎಂದು ಹೇಳಿದ್ದು ಕೇಳಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. 'ನಾವು' ಅಂತೆ! ಆರಿಸಿದವಳು ಯಾರು, ಆರಿಸುವಾಗ ಈ ನಾವುಗಳೆಲ್ಲ ಎಲ್ಲಿ ನಿಂತಿದ್ದೆವು ಎನ್ನುವುದನ್ನು ಒಂದು ಸಲ ಬರೆದಿಡುತ್ತೇನೆ. ಓದಿದವರು ಏನಾದರೂ ಅಂದುಕೊಳ್ಳಲಿ.

ಸರೋಜಾ ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯವಳು. ಅಪ್ಪ ಓಬಯ್ಯನಿಗೆ ಎರಡೆಕರೆ ಹೊಲ, ಮನೆ ತುಂಬ ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು ಇವಳೇ. ಪಾಸಾದ ವರ್ಷವೇ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಕಂಪ್ಯೂಟರ್ ಲೇಥ್ ಇತ್ತು. ಮಾಮೂಲಿ ಲೇಥಿನಲ್ಲಿ ನನ್ನಂಥವನು ಎರಡು ಕೈಯಲ್ಲಿ ಚಕ್ರ ತಿರುಗಿಸಿ ಕಬ್ಬಿಣ ಕೆತ್ತುತ್ತಾನೆ. ಕಂಪ್ಯೂಟರ್ ಲೇಥಿನಲ್ಲಿ ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಮೊದಲೇ ಸಾಲು ಸಾಲಾಗಿ ಬರೆದು ಕೊಡಬೇಕು, ಮಶಿನ್ ತಾನೇ ಓದಿಕೊಂಡು ಕೆತ್ತುತ್ತದೆ. ಆ ಬರಹವೇ ಪ್ರೋಗ್ರಾಂ. ಆಗ ಅದನ್ನು ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಕೊಡುತ್ತಿದ್ದರು. ಇಂಜಿನಿಯರು ಬರೆದುಕೊಟ್ಟದ್ದನ್ನು ಟೈಪ್ ಮಾಡಿ ತೂತು ಹೊಡೆಯಲು ನಾಲ್ಕು ಹುಡುಗಿಯರು. ಉಳಿದ ಮೂವರು ಬರೆದದ್ದನ್ನು ಬರೆದ ಹಾಗೆ ಹೊಡೆದು ಮನೆಗೆ ಹೋಗುತ್ತಿದ್ದರು. ಇವಳು ಮಾತ್ರ ಆ ಸಾಲುಗಳಲ್ಲಿ ಬರುವ ಜಿ ಅಂದರೇನು, ಎಕ್ಸ್ ಅಂದರೇನು, ಈ ನಂಬರು ಇಲ್ಲೇ ಯಾಕೆ ಎಂದು ದಿನಾ ಕೇಳುವವಳು. ಸೂಪರ್‌ವೈಸರ್ ಬೇಸತ್ತು, "ನಿನಗ್ಯಾಕವ್ವ ಅದೆಲ್ಲಾ?" ಅಂದನಂತೆ. "ಬೆರಳು ನೋಯೋದು ನಂದಲ್ಲೇನ್ರಿ? ಯಾತಕ್ಕೆ ನೋಯ್ತಾವೆ ಅಂತಾನೂ ಗೊತ್ತಾಗಬ್ಯಾಡೇನು?" ಅಂದಳಂತೆ ಇವಳು. ಹಾಗೆ ಕೇಳಿ ಕೇಳಿಯೇ ಪ್ರೋಗ್ರಾಂ ಬರೆಯುವುದನ್ನೂ ಕಲಿತಳು.

ಎಂಬತ್ತೇಳರಲ್ಲಿ ಆ ಕಾರ್ಖಾನೆಯವರು ಲೇಥ್ ಮಾರಿದರು. ಕೊಂಡವರು ನಮ್ಮ ಸಾವ್ಕಾರ್ರು ಉಜ್ಜನಪ್ಪನವರು. ಅವರ ಮನೆತನದ್ದು ಮೂರು ತಲೆಮಾರಿನಿಂದ ಜೋಳ, ಹತ್ತಿಯ ಮಂಡಿ ವ್ಯಾಪಾರ. ಇವರೇ ಮೊದಲು ವರ್ಕ್‌ಶಾಪಿಗೆ ಕೈ ಹಾಕಿದವರು. ಪಂಪಿನ ಶಾಫ್ಟು, ಗಿರಣಿಗಳ ಬಿಡಿಭಾಗ, ಸಕ್ಕರೆ ಕಾರ್ಖಾನೆಯ ಪಿನ್ನುಗಳು ನಮ್ಮ ಕೆಲಸ. ಲೇಥ್ ಲಾರಿಯಿಂದ ಇಳಿಯಿತು, ಪ್ರೋಗ್ರಾಂ ಬರೆಯಲು ನಮ್ಮಲ್ಲಿ ಯಾರಿಗೂ ಬರದು. ಮೂರು ದಿನ ಸುಮ್ಮನೆ ಅದರ ಸುತ್ತ ಪ್ರದಕ್ಷಿಣೆ ಹಾಕಿದೆವು. ನಾಲ್ಕನೆಯ ದಿನ ಸಾವ್ಕಾರ್ರು ಹರಿಹರಕ್ಕೆ ಹೋಗಿ ಸರೋಜಳನ್ನು ಕರೆತಂದರು. ಮಶಿನ್ ಜೊತೆ ಬಂದ ಬಳುವಳಿ ಎಂದು ನಾನೇ ಅವಳಿಗೆ ಅಡ್ಡಹೆಸರಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಆ ವಾರವೇ ನಾನು ಒಂದು ದಿನ ತೆಗೆದುಕೊಳ್ಳುತ್ತಿದ್ದ ಶಾಫ್ಟನ್ನು ನಲವತ್ತು ನಿಮಿಷಕ್ಕೆ ಇಳಿಸಿ ನನ್ನ ಟೇಬಲ್ ಮೇಲೆ ಇಟ್ಟು ಹೋದಳು. ಅಳತೆ ಹಿಡಿದು ನೋಡಿದೆ, ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಆ ಅಡ್ಡಹೆಸರನ್ನು ಆಮೇಲೆ ನಾನು ಬಳಸಲಿಲ್ಲ.

ಹನ್ನೊಂದು ವರ್ಷದಲ್ಲಿ ಅವಳು ಇನ್ನೂರಾರು ಪ್ರೋಗ್ರಾಂ ಬರೆದಳು. ಒಂದೊಂದು ಭಾಗಕ್ಕೆ ಒಂದೊಂದು. ಕಾಗದದ ಪಟ್ಟಿಗಳನ್ನು ಸುತ್ತಿ ಡಾಲ್ಡಾ ಡಬ್ಬಗಳಲ್ಲಿ ಇಟ್ಟು ಮೇಲೆ ಹೆಸರು ಬರೆಯುತ್ತಿದ್ದಳು. ಹೊಸದೊಂದು ಬರೆದಾಗ ಅವಳ ಕ್ರಮ ಒಂದೇ. ಮೊದಲು ಏನೂ ಕಚ್ಚಿಸದೆ ಗಾಳಿಯಲ್ಲಿ ಓಡಿಸಬೇಕು, ಆಮೇಲೆ ಜಾಲಿ ಕಟ್ಟಿಗೆಯ ಮೇಲೆ, ಅದಾದ ಮೇಲೆ ಕಬ್ಬಿಣ. ನಮಗೆಲ್ಲ ಅದು ಹೊತ್ತು ಕಳೆಯುವ ಕೆಲಸವಾಗಿ ಕಾಣುತ್ತಿತ್ತು. "ಕಟ್ಟಿಗಿ ಸುಳ್ಳು ಹೇಳಂಗಿಲ್ಲ ಬೋರಣ್ಣ, ಮುರಿದ್ರೂ ಯಾರ ಕಣ್ಣೂ ಹೋಗಂಗಿಲ್ಲ" ಅನ್ನುತ್ತಿದ್ದಳು. ಮದುವೆಯಾಗಿ ಹರಿಹರಕ್ಕೆ ಹೋದ ಮೇಲೂ, ಎರಡು ಮಕ್ಕಳಾದ ಮೇಲೂ, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವುದು ತಪ್ಪಲಿಲ್ಲ. ಗಂಡ ನಿಂಗರಾಜು ಆಟೋ ಓಡಿಸುತ್ತಿದ್ದ. ಮಾತು ಕಡಿಮೆಯ, ಒಳ್ಳೆಯ ಮನುಷ್ಯ.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ಹಳೇ ಲೇಥಿನ ಕಂಪ್ಯೂಟರ್ ಕೈ ಕೊಡತೊಡಗಿತು. ಕಬ್ಬಿಣದ ಮೈ ಗಟ್ಟಿಯಾಗೇ ಇತ್ತು, ತಲೆ ಹೋಗಿತ್ತು. ಅದರ ಬೋರ್ಡು ಈಗ ಎಲ್ಲೂ ಸಿಗುವುದಿಲ್ಲ ಎಂದು ರಿಪೇರಿಯವನು ಕೈ ತೊಳೆದುಕೊಂಡ. ಹೊಸ ಲೇಥ್ ತರಿಸುವುದೆಂದು ಸಾವ್ಕಾರ್ರು ನಿರ್ಧಾರ ಮಾಡಿದರು. ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಇಂಥ ಲೇಥ್ ಕೊಳ್ಳುವಾಗ ಮಶಿನ್ ಒಬ್ಬರದು, ಅದಕ್ಕೆ ಕೂಡಿಸುವ ಕಂಪ್ಯೂಟರ್ ಇನ್ನೊಬ್ಬರದು. ಯಾವ ಕಂಪ್ಯೂಟರ್ ಬೇಕು ಎಂದು ಕೊಳ್ಳುವವರೇ ಹೇಳಬೇಕು. ಅಕ್ಷರಗಳು ಎಲ್ಲದರಲ್ಲೂ ಒಂದೇ, ಅದೇ ಜಿ, ಅದೇ ಎಕ್ಸ್. ಆದರೆ ಮಾತಾಡುವ ರೀತಿ ಬೇರೆ. ನಾವು ಐತೆ ಅಂತೀವಿ, ಧಾರವಾಡದವರು ಅದ ಅಂತಾರೆ, ಮಂಗಳೂರಿನವರು ಉಂಟು ಅಂತಾರೆ. ಮನುಷ್ಯರಾದರೆ ನಕ್ಕು, ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಮಶಿನ್‌ಗೆ ನಗಲು ಬರುವುದಿಲ್ಲ. ತನಗೆ ತಿಳಿದಂತೆ ಮಾಡಿಬಿಡುತ್ತದೆ.

ಹಾಗಾಗಿ ಸರೋಜಳಿಗೆ ಇದು ಬರೀ ಮಶಿನ್ ವಿಷಯ ಆಗಿರಲಿಲ್ಲ. ಅವಳ ಪ್ರೋಗ್ರಾಂಗಳನ್ನು ಓದುವ ಕಂಪ್ಯೂಟರ್ ಬಂದರೆ ಅವಳು ಉಳಿಯುತ್ತಾಳೆ. ಓದದ್ದು ಬಂದರೆ ಇನ್ನೂರಾರು ಪ್ರೋಗ್ರಾಂ ರದ್ದಿಗೆ, ಅವಳು ಹಾಜರಿ ಪುಸ್ತಕದಲ್ಲಿ ಬರೆದಂತೆ ನಿಜವಾಗಿಯೂ ಹೆಲ್ಪರ್. ಸಾವ್ಕಾರ್ರ ತಮ್ಮನ ಮಗ ನಾಗಭೂಷಣ್ ಇದನ್ನು ಮುಚ್ಚಿಡಲೂ ಇಲ್ಲ. ಬಿ.ಇ. ಮುಗಿಸಿ ಬಂದು ಒಂದು ವರ್ಷವಾಗಿತ್ತು, ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದರು. "ಹೊಸಾ ಪ್ರೋಗ್ರಾಂ ಬೇಕಾದ್ರೆ ಡ್ರಾಯಿಂಗ್ ಕಳಿಸಿದ್ರೆ ಬೆಂಗಳೂರಿಂದ ಮಾಡಿ ಕಳಿಸ್ತಾರೆ. ಸರೋಜಾ ಅವರಿಗೆ ಪ್ಯಾಕಿಂಗ್ ಕೊಡೋಣ ಬಿಡ್ರಿ, ಅವರಿಗೂ ಆರಾಮ" ಎಂದು ಅವಳೆದುರೇ ಹೇಳಿದರು. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ನನ್ನ ಆರಾಮದ ಚಿಂತಿ ನಿಮಗೆ ಬ್ಯಾಡ ಸಾರ್" ಎಂದಳು.

ಅವಳು ಸುಮ್ಮನೆ ಕೂರಲಿಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ತಂಟೆಯ ಭಾಗ ಒಂದಿತ್ತು, ತುದಿ ಸಣ್ಣಗಾಗುತ್ತಾ ಹೋಗಿ ಕೊನೆಗೆ ಥ್ರೆಡ್, ಅಂದರೆ ನಟ್ ತಿರುಗಿಸಿ ಕೂರಿಸುವ ಸುರುಳಿ ಗೀರು, ಬರುವ ಪಂಪ್ ಶಾಫ್ಟು. ಅದರ ಪ್ರೋಗ್ರಾಂ ನಲವತ್ತೊಂದು ಸಾಲು. ಅದನ್ನು ಒಂದು ಹಾಳೆಗೆ ಬರೆದುಕೊಂಡು, ವಾರದ ರಜೆಗಳಲ್ಲಿ ಹರಿಹರದ ವರ್ಕ್‌ಶಾಪುಗಳನ್ನು ಸುತ್ತಿದಳು. ಎಲ್ಲಿ ಯಾವ ಕಂಪ್ಯೂಟರ್ ಇದೆ ಎಂದು ಕೇಳುವುದು, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಮಶಿನ್ ಕೊಡಿ ಎಂದು ಅಂಗಲಾಚುವುದು. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು. ಒಂದು ಕಡೆ ಯೂರೋಪಿನ ಕಂಪ್ಯೂಟರ್ ಇತ್ತು. ಅದು ಹನ್ನೆರಡು ಸಾಲು ಓದಿ, ಮುಂದಿನದು ಗೊತ್ತಿಲ್ಲ ಎಂದು ಕೆಂಪು ದೀಪ ಹಾಕಿ ನಿಂತಿತು. ಜಮಾಲ್ ಸಾಬ್ ಎಂಬ ಹಿರಿಯರ ಶೆಡ್ಡಿನಲ್ಲಿ ಜಪಾನಿನದು ಇತ್ತು. ಅಲ್ಲಿ ಎರಡೇ ಸಾಲು ತಿದ್ದಿದಳು, ಶಾಫ್ಟು ಪೂರ್ತಿ ಬಂತು. ಜಮಾಲ್ ಸಾಬ್ ಆ ಕಟ್ಟಿಗೆಯ ಶಾಫ್ಟನ್ನು ಬೆಳಕಿಗೆ ಹಿಡಿದು, "ಬೇಟಿ, ಯಾವ ಇಂಜಿನಿಯರ್ ಬರೆದಿದ್ದು ಇದು?" ಎಂದು ಕೇಳಿದರಂತೆ. ಈ ಮಾತನ್ನು ಅವಳು ನನಗೆ ಮೂರು ಸಲ ಹೇಳಿದಳು. ಮೂರು ಸಲವೂ ಮೊದಲನೆಯ ಸಲದಷ್ಟೇ ಸಂತೋಷದಿಂದ ಹೇಳಿದಳು.

ಅಷ್ಟರಲ್ಲಿ ಮೂರನೆಯ ಕಂಪ್ಯೂಟರಿನ ಏಜೆಂಟ್ ಬಂದ. ಹೊಸ ಕಂಪನಿ, ಬಣ್ಣದ ಪರದೆ, ಬೆಲೆಯೂ ಕಡಿಮೆ. "ನಮ್ಮ ಕಂಪ್ಯೂಟರ್‌ಗೆ ಎಲ್ಲರ ಭಾಷೆನೂ ಬರುತ್ತೆ ಸರ್. ನಿಮ್ಮ ಹಳೇ ಪ್ರೋಗ್ರಾಂ ಒಂದಕ್ಷರ ತಿದ್ದದೆ ಓಡುತ್ತವೆ" ಎಂದ. ನಾಗಭೂಷಣ್ ಪರದೆಯ ಬಣ್ಣಕ್ಕೇ ಸೋತರು. ಸಾವ್ಕಾರ್ರಿಗೆ ಇಬ್ಬರೂ ಖುಷಿಯಾಗುವ ದಾರಿ ಸಿಕ್ಕಿತು ಅನ್ನಿಸಿರಬೇಕು, ಸರೋಜಳ ಡಬ್ಬಗಳೂ ಉಳಿಯುತ್ತವೆ, ಅಣ್ಣ ತಮ್ಮಂದಿರ ಮನೆಯಲ್ಲಿ ಮನಸ್ತಾಪವೂ ಇಲ್ಲ. ಸೋಮವಾರ ಬೆಳಿಗ್ಗೆ ಏಜೆಂಟನ ಕೈಗೆ ಎಲೆ ಅಡಿಕೆ ಕೊಟ್ಟುಬಿಟ್ಟರು. ಅವರ ಮನೆತನದಲ್ಲಿ ಎಲೆ ಅಡಿಕೆ ಕೊಟ್ಟರೆ ಮುಗಿಯಿತು. ಮಾತು ವಾಪಸ್ಸು ಹೋದ ಉದಾಹರಣೆ ಇಲ್ಲ, ಬರಗಾಲದಲ್ಲೂ ಇಲ್ಲ.

ಸರೋಜಾ ಬಂದದ್ದು ಆಮೇಲೆ. ವಿಷಯ ತಿಳಿದ ಕೂಡಲೇ ನೇರ ಸಾವ್ಕಾರ್ರ ರೂಮಿಗೆ ನಡೆದಳು. ನಾನು ಬಾಗಿಲ ಹತ್ತಿರವೇ ಇದ್ದೆ.

"ಸಾವ್ಕಾರ್ರೇ, ಏಜೆಂಟ್ ಬಿಟ್ಟು ಹೋದ ಅದರ ಪುಸ್ತಕ ಓದೀನ್ರಿ. ಥ್ರೆಡ್ ಹಾಕೋ ರೀತಿ ನಮ್ಮದಲ್ಲ ಅದು. ಅವ ಹೇಳೋದು ಸುಳ್ಳು."

"ಮಾತು ಕೊಟ್ಟಾಗೈತೆ ಸರೋಜಾ."

"ಒಂದು ಕೇಳ್ತೀನಿ, ಸಿಟ್ಟು ಮಾಡಬ್ಯಾಡ್ರಿ. ಮಂಡಿಯಾಗೆ ಜೋಳ ಬಂದಾಗ ನೀವು ಚೀಲದ ಮೇಲಿನ ಕಾಳು ನೋಡಿ ಎಲೆ ಅಡಿಕೆ ಕೊಡ್ತೀರೇನು? ಹೊಟ್ಟೆಗೆ ಚುಚ್ಚಿ, ತಳದ ಕಾಳು ತೆಗೆದು, ಅಂಗೈ ಮ್ಯಾಲೆ ತಿಕ್ಕಿ ನೋಡಿ ಆಮ್ಯಾಲಲ್ಲೇನು ಕೊಡೋದು? ಇಲ್ಲಿ ಮಾತ್ರ ಯಾಕ ಮೊದಲೇ ಕೊಟ್ರಿ?"

ಸಾವ್ಕಾರ್ರ ಮುಖ ಕೆಂಪಾಯಿತು. ಅವರ ಕಸುಬಿನ ಮೊದಲ ಪಾಠವನ್ನೇ ಹೆಲ್ಪರ್ ಹೆಣ್ಣುಮಗಳೊಬ್ಬಳು ಅವರಿಗೆ ಒಪ್ಪಿಸಿದ್ದಳು. ಆದರೂ ಅವರು ದೊಡ್ಡ ಮನುಷ್ಯರು, ಕೂಗಾಡಲಿಲ್ಲ. ಏಜೆಂಟನಿಗೆ ಫೋನ್ ಮಾಡಿ, ನಮ್ಮ ಪ್ರೋಗ್ರಾಂ ಒಂದನ್ನು ಓಡಿಸಿ ತೋರಿಸಿ ಎಂದರು. ಅವನು ಸಂತೋಷದಿಂದ ಒಪ್ಪಿಕೊಂಡ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಆಗಲೇ ಅವನದೊಂದು ಕಂಪ್ಯೂಟರ್ ಕೂಡಿಸಿದ್ದ, ಅಲ್ಲೇ ತೋರಿಸುತ್ತೇನೆ ಎಂದ. ಪ್ರೋಗ್ರಾಂ ಮೊದಲೇ ಬೇಕು ಅಂದಿದ್ದಕ್ಕೆ ಸರೋಜಾ ನಲವತ್ತೊಂದು ಸಾಲನ್ನೂ ಟೈಪ್ ಮಾಡಿ ಫ್ಲಾಪಿಯಲ್ಲಿ ಕಳಿಸಿದಳು.

ಗುರುವಾರ ಹೋದೆವು. ಸಾವ್ಕಾರ್ರ ಕಾರಿನಲ್ಲಿ ಅವರು, ನಾಗಭೂಷಣ್, ನಾನು, ಸರೋಜಾ. ಅವಳ ಬ್ಯಾಗು ಎಂದಿಗಿಂತ ಭಾರ ಇತ್ತು. ಏನಮ್ಮ ಇದು, ರಾಗಿ ಕಲ್ಲು ತಂದಿದೀಯೇನು ಅಂದೆ. ಜಾಲಿ ಕಟ್ಟಿಗೆ ಅಂದಳು.

ಅಲ್ಲಿ ಎಲ್ಲ ಸಿದ್ಧವಾಗಿತ್ತು. ಕುರ್ಚಿ, ತಂಪು ಪಾನೀಯ, ಆ ವರ್ಕ್‌ಶಾಪಿನ ಹತ್ತು ಜನ ಕೆಲಸಗಾರರು ಸುತ್ತ. ಏಜೆಂಟನ ಇಂಜಿನಿಯರು ಗುಂಡಿ ಒತ್ತಿದ. ಬಣ್ಣದ ಪರದೆ ಮೇಲೆ ಸಾಲುಗಳು ಓಡಿದವು, ಕಬ್ಬಿಣದ ಶಾಫ್ಟು ಮಿರಮಿರ ಮಿಂಚುತ್ತಾ ಹೊರಗೆ ಬಂತು. ಥ್ರೆಡ್ಡೂ ಸರಿಯಾಗಿತ್ತು, ನಾನೇ ನಟ್ ಹಾಕಿ ತಿರುಗಿಸಿ ನೋಡಿದೆ. ನಾಗಭೂಷಣ್ ಚಪ್ಪಾಳೆ ಹೊಡೆದರು. ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ಇವಳಿಗೆ ಹಟ ಜಾಸ್ತಿಯಾಯಿತು ಎಂದು ನನಗೂ ಅನ್ನಿಸಿತು.

ಸರೋಜಾ ಶಾಫ್ಟನ್ನು ಮುಟ್ಟಲೂ ಇಲ್ಲ. ಪರದೆಯನ್ನೇ ನೋಡುತ್ತಿದ್ದಳು.

"ಇದು ನನ್ನ ಪ್ರೋಗ್ರಾಂ ಅಲ್ಲ" ಎಂದಳು.

"ನೀವು ಕಳಿಸಿದ ಫ್ಲಾಪಿನೇ ಮೇಡಂ" ಎಂದ ಏಜೆಂಟ್ ನಗುತ್ತಾ.

"ನಂದು ನಲವತ್ತೊಂದು ಸಾಲು. ಹತ್ತತ್ತು ಬಿಟ್ಟು ನಂಬರ್ ಕೊಟ್ಟೀನಿ, ಕಡೇ ಸಾಲು ನಾನೂರ ಹತ್ತು. ಇಲ್ಲಿ ಕಡೇ ಸಾಲು ಆರುನೂರ ನಲವತ್ತು ಐತೆ. ಇಪ್ಪತ್ತಮೂರು ಸಾಲು ಯಾರು ಹೆತ್ರು?"

ಏಜೆಂಟನ ನಗು ನಿಂತಿತು. ಇಂಜಿನಿಯರು ನೆಲ ನೋಡಿದ. ಸ್ವಲ್ಪ ಹೊಂದಿಸಿದ್ದೇವೆ ಅಷ್ಟೇ, ಅದು ಮಾಮೂಲಿ ಎಂದ ಏಜೆಂಟ್. ಹಾಗಾದರೆ ಹೊಂದಿಸದೆ ಓಡಿಸಿ ತೋರಿಸಿ, ನಾನೇ ಟೈಪ್ ಮಾಡುತ್ತೇನೆ ಎಂದಳು ಸರೋಜಾ. ಪ್ರೋಗ್ರಾಂ ತಿದ್ದಲು ಆ ಮಶಿನ್‌ಗೆ ಒಂದು ಸಣ್ಣ ಕೀಲಿ ಹಾಕಿ ತಿರುಗಿಸಬೇಕು. ಕೀಲಿ ಏಜೆಂಟನ ಜೇಬಿನಲ್ಲಿತ್ತು. ಹೊರಗಿನವರು ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ ಎಂದು ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಸಾಕು ಸರೋಜಾ ಅವರೇ" ಎಂದರು ನಾಗಭೂಷಣ್. "ಎಲ್ಲಾರ ಮುಂದೆ ಯಾಕ ಸೀನ್ ಮಾಡ್ತೀರಿ? ಶಾಫ್ಟ್ ಬಂತಲ್ಲ."

ಅವಳು ಅವರ ಕಡೆ ತಿರುಗಲೇ ಇಲ್ಲ. ಸಾವ್ಕಾರ್ರ ಮುಂದೆ ಹೋಗಿ ನಿಂತಳು.

"ನೀವು ಎಲೆ ಅಡಿಕೆ ಕೊಟ್ಟಿದ್ದು ಒಂದಕ್ಷರ ತಿದ್ದದೆ ಓಡ್ತವೆ ಅನ್ನೋ ಮಾತಿಗೆ. ಆ ಮಾತು ನಿಜಾನೋ ಸುಳ್ಳೋ ನೋಡೋ ಹಕ್ಕು ನಿಮಗೈತೆ. ಓಡಿದ್ರೆ ನಾಳಿಂದ ನಾನು ಪ್ಯಾಕಿಂಗ್ ಮಾಡ್ತೀನಿ. ಕಸಾನೂ ಗುಡಿಸ್ತೀನಿ. ಒಂದು ಮಾತು ಆಡಂಗಿಲ್ಲ."

ಸಾವ್ಕಾರ್ರು ಏಜೆಂಟನ ಕಡೆ ಕೈ ಚಾಚಿ, "ಕೀಲಿ ಕೊಡ್ರಿ" ಎಂದರು.

ಅವಳು ಟೈಪ್ ಮಾಡಿದಳು. ಹಾಳೆ ಬ್ಯಾಗಿನಲ್ಲೇ ಉಳಿಯಿತು, ಎಲ್ಲ ಬಾಯಿಪಾಠ. ಕಬ್ಬಿಣ ತೆಗೆದು ಜಾಲಿ ಕಟ್ಟಿಗೆ ಕಚ್ಚಿಸಿದಳು. ಕಬ್ಬಿಣವನ್ನೇ ಹಾಕಿ ಬಿಡಿ, ನಮ್ಮ ಮಶಿನ್ ಮೇಲೆ ನಂಬಿಕೆ ಇದೆ ಎಂದ ಏಜೆಂಟ್. "ನನಗಿಲ್ಲ" ಎಂದಳು. ಮಶಿನ್ನಿನ ಗಾಜಿನ ಬಾಗಿಲು ಎಳೆದಳು, ಎಲ್ಲರನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಸಿದಳು, ಹಸಿರು ಗುಂಡಿ ಒತ್ತಿದಳು. ಮೊದಲ ಸಾಲುಗಳು ಸರಾಗ ಹೋದವು. ತುದಿ ಸಣ್ಣಗಾಯಿತು. ನಾಗಭೂಷಣ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಥ್ರೆಡ್ಡಿನ ಸರದಿ. ಥ್ರೆಡ್ಡನ್ನು ಒಂದೇ ಸಲ ಕೆತ್ತುವುದಿಲ್ಲ, ಹತ್ತಾರು ಸಲ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ನಮ್ಮ ಪ್ರೋಗ್ರಾಂನಲ್ಲಿ ಒಂದು ಸಾಲು ಸಲಕ್ಕೆಷ್ಟು ಎನ್ನುತ್ತದೆ, ಮುಂದಿನ ಸಾಲು ಒಟ್ಟು ಆಳ ಎಷ್ಟು ಎನ್ನುತ್ತದೆ. ಈ ಕಂಪ್ಯೂಟರ್ ಮೊದಲ ಸಾಲನ್ನು ತಲೆಗೇ ಹಾಕಿಕೊಳ್ಳಲಿಲ್ಲ. ಪೂರ್ತಿ ಆಳಕ್ಕೆ ಒಂದೇ ಏಟು ನುಗ್ಗಿತು. ಕಟ್ಟಿಗೆ ಸಿಡಿಯಿತು. ಅರ್ಧ ತುಂಡು ಹಾರಿ ಬಂದು ಗಾಜಿನ ಬಾಗಿಲಿಗೆ ಬಡಿದ ಸದ್ದಿಗೆ ಸಾವ್ಕಾರ್ರು ಕುರ್ಚಿಯಿಂದ ಎದ್ದುಬಿಟ್ಟರು.

ಮಶಿನ್ ನಿಲ್ಲಿಸಿ ಸರೋಜಾ ಒಡೆದ ತುಂಡನ್ನು ಎತ್ತಿಕೊಂಡಳು. "ಕಬ್ಬಿಣ ಆಗಿದ್ರೆ ಈ ಬಾಗಿಲು ತಡೀತಿರಲಿಲ್ಲ" ಎಂದಳು, ಅಷ್ಟೇ.

ಏಜೆಂಟ್ ಆಗಲೂ ಬಿಡಲಿಲ್ಲ. ಇನ್ನೂರಾರನ್ನೂ ನಮ್ಮವರೇ ಒಂದು ತಿಂಗಳಲ್ಲಿ ತಿದ್ದಿಕೊಡುತ್ತಾರೆ, ಒಂದು ಪೈಸೆ ಬೇಡ ಎಂದ. ನಾಗಭೂಷಣ್ ಹೌದೆಂದು ತಲೆ ಆಡಿಸಿದರು. ನೀವು ತಿದ್ದಿದ್ದು ಸರಿ ಐತೋ ಇಲ್ಲೋ ಅಂತ ನೋಡೋರು ಯಾರು ಎಂದು ಸರೋಜಾ ಕೇಳಿದಳು.

ವಾಪಸ್ಸು ಬರುವಾಗ ದಾರಿಯಲ್ಲಿ ಬಾತಿ ಎಂಬ ಹಳ್ಳಿಯ ಹತ್ತಿರ ಸಾವ್ಕಾರ್ರು ಬಾಯಿ ತೆರೆದರು. ಅವರ ಸಿಟ್ಟೆಲ್ಲ ಏಜೆಂಟನ ಮೇಲೆ ಇರಬೇಕಿತ್ತು, ಹೊರಗೆ ಬಿದ್ದದ್ದು ಮಾತ್ರ ಇವಳ ಮೇಲೆ.

"ನಮ್ಮಪ್ಪನ ಕಾಲದಿಂದ ನಮ್ಮ ಮನ್ಯಾಗೆ ಯಾರೂ ಮಾತು ಹಿಂದಕ್ಕೆ ತಗಂಡಿಲ್ಲ. ಇವತ್ತು ಹತ್ತು ಮಂದಿ ಮುಂದೆ ನನ್ನ ಮಾನ ತೆಗೆದೆ ನೀನು."

"ನಿಮ್ಮ ಮಾನ ತೆಗೆದಿದ್ದು ನಾನಲ್ರಿ, ಸುಳ್ಳು ಹೇಳಿದವ."

"ಬಾಯಿ ಭಾಳ ಆಯ್ತು. ಕೆಲಸಕ್ಕೆ ಇದ್ದೋರು ಕೆಲಸದವರಂಗೆ ಇರಬೇಕು."

"ಯಾವ ಕೆಲಸದವಳ್ರಿ ನಾನು?" ಎಂದಳು ಅವಳು. "ಪುಸ್ತಕದಾಗೆ ಹೆಲ್ಪರ್ ಅಂತ ಬರೆದೀರಿ. ಹೆಲ್ಪರ್ ಬರೆದ ಪ್ರೋಗ್ರಾಂ ಮ್ಯಾಲೆ ಹನ್ನೊಂದು ವರ್ಷ ವರ್ಕ್‌ಶಾಪ್ ನಡೆಸೀರಿ. ಗಾಡಿ ನಿಲ್ಲಿಸ್ರಿ."

ಕಾರು ನಿಂತಿತು. ಅವಳು ಇಳಿದಳು. ಕೈಯಲ್ಲಿ ಬ್ಯಾಗು ಹಿಡಿದು, ನಡು ಮಧ್ಯಾಹ್ನದ ಬಿಸಿಲಲ್ಲಿ ಹರಿಹರದ ಕಡೆಗೇ ನಡೆಯತೊಡಗಿದಳು. ಒಂದು ಸಲವೂ ಹಿಂದೆ ನೋಡಲಿಲ್ಲ. ನಾನೂ ಇಳಿಯಬೇಕಿತ್ತು. ನನ್ನ ವಯಸ್ಸು, ನನ್ನ ಮಕ್ಕಳ ಮದುವೆ, ನಿವೃತ್ತಿಗೆ ಉಳಿದ ನಾಲ್ಕು ವರ್ಷ, ಎಲ್ಲ ನೆನಪಾಗಿ ಕೂತೇ ಇದ್ದೆ. ಇವತ್ತಿಗೂ ಆ ರಸ್ತೆಯಲ್ಲಿ ಬಸ್ಸು ಹಾದುಹೋದರೆ ನನಗೆ ನಾಚಿಕೆಯಾಗುತ್ತದೆ.

ಮರುದಿನ ಅವಳು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಜಮಾಲ್ ಸಾಬ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂಬ ಸುದ್ದಿ ನಿಂಗರಾಜುವಿನ ಆಟೋದಲ್ಲಿ ಹತ್ತಿದವರಿಂದ ಬಂತು. ನಮ್ಮಲ್ಲಿ ಹಳೇ ಲೇಥ್ ದಿನಕ್ಕೆರಡು ಸಲ ಮಂಕಾಗಿ ನಿಲ್ಲುತ್ತಿತ್ತು. ನಾಗಭೂಷಣ್ ಡಬ್ಬಗಳನ್ನು ತೆರೆದು ಕಾಗದದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಸುತ್ತಿಡುವುದು ಮಾಡಿದರು. ಅವರು ಕೆಟ್ಟವರಲ್ಲ. ಓದಿದ್ದು ಬೇರೆ, ಕಬ್ಬಿಣ ಬೇರೆ ಎಂದು ಗೊತ್ತಾಗಲು ಅವರಿಗೆ ಇಷ್ಟು ಬೇಕಾಯಿತು.

ಹೊಸ ಲೇಥಿನ ಆರ್ಡರ್ ಪತ್ರ ಸಾವ್ಕಾರ್ರ ಮೇಜಿನ ಮೇಲೇ ಇತ್ತು, ಕಳಿಸಿರಲಿಲ್ಲ. ಮೂರನೆಯ ಸೋಮವಾರ ಏಜೆಂಟನನ್ನು ಕರೆಸಿದರು. ನಮ್ಮನ್ನೆಲ್ಲ ಮಶಿನ್ ನಿಲ್ಲಿಸಿ ಬರಹೇಳಿದರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, "ನೀವು ಕೊಟ್ಟ ಮಾತು ನಿಲ್ಲಲಿಲ್ಲ, ಹಂಗಾಗಿ ನಾನು ಕೊಟ್ಟದ್ದೂ ನಿಲ್ಲಂಗಿಲ್ಲ. ತಳದ ಕಾಳು ನೋಡದೆ ಕೊಟ್ಟಿದ್ದು ನನ್ನ ತಪ್ಪು" ಎಂದು ಎಲ್ಲರ ಮುಂದೆ ಹೇಳಿದರು. ಅರವತ್ತು ದಾಟಿದ ಸಾವ್ಕಾರ್ರು ಆಳುಗಳ ಮುಂದೆ ನನ್ನ ತಪ್ಪು ಎಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಏಜೆಂಟ್ ಹೋದ ಮೇಲೆ ಅವರು ನನಗೆ, "ಬೋರಣ್ಣ, ಕಾರು ಹತ್ತು, ಹರಿಹರಕ್ಕೆ ಹೋಗಿ ಬರಾಣ" ಎಂದರು.

ಜಮಾಲ್ ಸಾಬ್ ಶೆಡ್ಡಿನಲ್ಲಿ ಸರೋಜಾ ಮಶಿನ್ ಮುಂದೆ ನಿಂತಿದ್ದಳು. ಸಾವ್ಕಾರ್ರನ್ನು ನೋಡಿ ನಮಸ್ಕಾರ ಮಾಡಿದಳು. ಕೆಲಸ ಬಿಟ್ಟು ಓಡಿ ಬರಲಿಲ್ಲ, ಓಡುತ್ತಿದ್ದ ಶಾಫ್ಟು ಮುಗಿಯುವ ತನಕ ನಮ್ಮನ್ನು ನಿಲ್ಲಿಸಿದಳು. ಜಮಾಲ್ ಸಾಬ್ ಎರಡು ಸ್ಟೂಲು ತಂದಿಟ್ಟು, "ಕೂಡ್ರಿ ಸಾವ್ಕಾರ್ರೇ, ಚಾ ಹೇಳ್ತೀನಿ" ಎಂದರು. ಸಾವ್ಕಾರ್ರು ಕೂತು ಕಾದರು. ಕೈ ಒರೆಸಿಕೊಂಡು ಅವಳು ಬಂದಳು.

ಸಾವ್ಕಾರ್ರು ಚೀಲದಿಂದ ಆರ್ಡರ್ ಪತ್ರ ತೆಗೆದರು. ಲೇಥಿನ ಹೆಸರು, ಅಳತೆ, ಎಲ್ಲ ತುಂಬಿತ್ತು. ಕಂಪ್ಯೂಟರ್ ಯಾವುದು ಎಂಬ ಜಾಗ ಮಾತ್ರ ಖಾಲಿ.

"ಬರಿ" ಎಂದರು.

ಅವಳು ಪತ್ರವನ್ನು ಪೂರ್ತಿ ಓದಿದಳು. ಎರಡನೆಯ ಪುಟವನ್ನೂ ಓದಿದಳು. ಜಪಾನಿನ ಕಂಪ್ಯೂಟರಿನ ಹೆಸರು, ಅದರ ಮಾದರಿಯ ನಂಬರು, ಥ್ರೆಡ್ ಹಾಕುವ ರೀತಿ ಇಂಥದ್ದೇ ಇರಬೇಕು ಎಂಬ ಒಂದು ಸಾಲು, ಎಲ್ಲ ಬರೆದಳು. ಮಶಿನ್ ಕಳಿಸುವ ಮುಂಚೆ ನಮ್ಮ ಐದು ಪ್ರೋಗ್ರಾಂ ಅವರಲ್ಲೇ ಓಡಿಸಿ ನೋಡಬೇಕು, ನೋಡೋಕೆ ನಾನೇ ಹೋಗ್ತೀನಿ ಎಂದಳು. ಸಾವ್ಕಾರ್ರು ಆಗಲಿ ಎಂದರು. ಆಮೇಲೆ ಇನ್ನೊಂದು ಕಾಗದ ಅವಳ ಮುಂದಿಟ್ಟರು. ನಾಗಭೂಷಣ್ ಟೈಪ್ ಮಾಡಿಸಿದ ನೇಮಕದ ಪತ್ರ. ಹೆಲ್ಪರ್ ಅನ್ನುವುದನ್ನು ಹಾಜರಿ ಪುಸ್ತಕದಿಂದ ತೆಗೆದು ಹೊಸ ಹುದ್ದೆ ಕೊಟ್ಟಿದ್ದೇವೆ ಎಂದು ಸಾವ್ಕಾರ್ರು ದೊಡ್ಡ ಮನಸ್ಸಿನಿಂದಲೇ ಹೇಳಿದರು. ನನಗೆ ಕಣ್ಣು ತುಂಬಿತು, ಇನ್ನೇನು ಬೇಕು, ಗೆದ್ದಳು ಅಂದುಕೊಂಡೆ.

ಸರೋಜಾ ಆ ಕಾಗದವನ್ನೂ ಅಷ್ಟೇ ನಿಧಾನವಾಗಿ ಓದಿದಳು. 'ಸಹಾಯಕ ಪ್ರೋಗ್ರಾಮರ್' ಎಂದಿತ್ತು.

"ಸಾವ್ಕಾರ್ರೇ, ಯಾರಿಗೆ ಸಹಾಯಕ?" ಎಂದು ಕೇಳಿದಳು. "ಅಲ್ಲಿ ಇನ್ನೊಬ್ಬ ಪ್ರೋಗ್ರಾಮರ್ ಅದಾರೇನ್ರಿ?"

ಸಾವ್ಕಾರ್ರು ನನ್ನ ಮುಖ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಬಾಯಿ ಬಿಟ್ಟೆ. "ಇಲ್ರಿ, ಯಾರೂ ಇಲ್ಲ" ಎಂದೆ.

ಅವಳು ಪೆನ್ನು ತೆಗೆದುಕೊಂಡು 'ಸಹಾಯಕ' ಎಂಬ ಪದವನ್ನು ಉದ್ದಕ್ಕೆ ಹೊಡೆದುಹಾಕಿ, ಕಾಗದವನ್ನು ಅವರ ಕಡೆಗೆ ತಿರುಗಿಸಿ ಪೆನ್ನನ್ನು ಅದರ ಮೇಲಿಟ್ಟಳು. ಸಾವ್ಕಾರ್ ಉಜ್ಜನಪ್ಪನವರು ಅವಳು ಹೊಡೆದ ಗೆರೆಯ ಪಕ್ಕದಲ್ಲೇ ಸಹಿ ಮಾಡಿದರು.